ನಾ-ಉಮೇದ್ ಮರಳುಗಾಡು ಮತ್ತು ಒಂದು ಎತ್ತರದ ಸೈಕಲ್ಲು

ಮೇ ತಿಂಗಳ ಒಂದು ಬೆಳಿಗ್ಗೆ ಐದೂವರೆಗೆ ಕೊಪ್ಪದಿಂದ ಸೈಕಲ್ ಹತ್ತಿದೆ. ಲೆಕ್ಕ ಸರಳವಾಗಿತ್ತು. ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವುದು, ತುಂಗೆಯಲ್ಲಿ ಕಾಲು ತೊಳೆದು ವಾಪಸ್ ಬರುವುದು, ಮನೆಯಲ್ಲಿ ಊಟ ಮುಗಿಸಿ ನರಸಿಂಹರಾಜಪುರಕ್ಕೆ ಹೋಗುವುದು, ಕತ್ತಲಾಗುವ ಮೊದಲು ಮತ್ತೆ ಕೊಪ್ಪ. ಒಟ್ಟು ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಸೈಕಲ್ಲು ಹೈಸ್ಕೂಲು ದಿನಗಳದ್ದು, ಗೇರಿಲ್ಲ. ನಮ್ಮ ರಸ್ತೆಗಳ ಬಗ್ಗೆ ಗೊತ್ತಿರುವವರಿಗೆ ಹೇಳಬೇಕಿಲ್ಲ. ಇಲ್ಲಿ ಸಮತಟ್ಟು ಎಂಬುದೇ ಇಲ್ಲ. ಒಂದೋ ಏರು, ಇಲ್ಲವೇ ಇಳುಕಲು. ನಡುವೆ ಒಂದು ತಿರುವು.

ಶೃಂಗೇರಿ ಮುಟ್ಟಿ ಬಂದೆ. ಆದರೆ ಮಧ್ಯಾಹ್ನ ನರಸಿಂಹರಾಜಪುರದ ದಾರಿಯಲ್ಲಿ ಏಳೆಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ತೊಡೆಯ ಸ್ನಾಯು ಹಿಡಿದುಕೊಂಡಿತು. ರಸ್ತೆ ಪಕ್ಕ ಅರ್ಧ ಗಂಟೆ ಕೂತೆ. ಮತ್ತೆ ಹತ್ತಿದೆ, ಮತ್ತೆ ಹಿಡಿಯಿತು. ಕೊನೆಗೆ ಖಾಲಿ ಬರುತ್ತಿದ್ದ ಒಂದು ಗೂಡ್ಸ್ ಆಟೋಗೆ ಕೈ ಅಡ್ಡ ಹಾಕಿ, ಸೈಕಲ್ಲನ್ನು ಹಿಂದೆ ಮಲಗಿಸಿ ಮನೆಗೆ ಬಂದೆ. ಅಪ್ಪಯ್ಯ ನನ್ನ ಮುಖ ನೋಡಿದರು, ಸೈಕಲ್ ನೋಡಿದರು, ಏನೂ ಕೇಳಲಿಲ್ಲ. ಕೇಳದೇ ಇದ್ದಿದ್ದೇ ಹೆಚ್ಚು ಚುಚ್ಚಿತು.

ಯಾಕೆಂದರೆ ಅದೇ ತಿಂಗಳು ನನ್ನ ಫಲಿತಾಂಶವೂ ಬಂದಿತ್ತು. ನಾಲ್ಕನೇ ಸೆಮಿಸ್ಟರಿನ ಒಂದು ವಿಷಯ ಕೈಕೊಟ್ಟಿತ್ತು. ಓದದೇ ಫೇಲಾದರೆ ಬೇರೆ ಮಾತು. ನಾನು ಉಳಿದೆಲ್ಲಕ್ಕಿಂತ ಹೆಚ್ಚು ಓದಿದ್ದು ಅದನ್ನೇ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಅಂಟಿ ದಶಕಗಳೇ ಆದವು. ನಮ್ಮ ತೋಟವೂ ಅದರಲ್ಲಿ ಒಂದು. ಹಾಗಾಗಿ ಮಗನ ಬಿ.ಇ. ಎಂಬುದು ನಮ್ಮ ಮನೆಯಲ್ಲಿ ಬರೀ ಓದಲ್ಲ, ತೋಟಕ್ಕೆ ಬದಲಿ. ಸಿಟ್ಟಿಗೋ ಹಟಕ್ಕೋ, ಏನನ್ನಾದರೂ ಒಂದನ್ನು ಪೂರ್ತಿ ಮಾಡಿ ತೋರಿಸಬೇಕು ಅನ್ನಿಸಿ ಆ ಸೈಕಲ್ ಹತ್ತಿದ್ದೆ. ಅದೂ ಪೂರ್ತಿಯಾಗಲಿಲ್ಲ.

ಸೈಕಲ್ಲೇ ಯಾಕೆ ಅಂದರೆ, ಆಗ ನಾನು ಮೊಬೈಲಿನಲ್ಲಿ ಥಾಮಸ್ ಸ್ಟೀವನ್ಸ್ ಎಂಬಾತನ ಪುಸ್ತಕ ಓದುತ್ತಿದ್ದೆ. ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿದ ಮೊದಲ ಮನುಷ್ಯ. ಎರಡು ಸಂಪುಟ, ಸಾವಿರ ಪುಟದ ಹತ್ತಿರ. ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಬಿಟ್ಟಿ ಸಿಗುತ್ತದೆ. ಆಟೋದಲ್ಲಿ ಮನೆಗೆ ಬಂದ ರಾತ್ರಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಎರಡನೇ ಸಂಪುಟ ಮುಂದುವರಿಸಿದೆ. ಆತನೂ ಒಂದು ಕಡೆ ವಾಪಸ್ ಬಂದಿದ್ದ. ಅದನ್ನು ಹೇಳಲಿಕ್ಕೇ ಈ ಬರಹ.

ಸ್ಟೀವನ್ಸ್ ಹುಟ್ಟಿದ್ದು 1854ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಬರ್ಕ್‌ಹ್ಯಾಮ್‌ಸ್ಟೆಡ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಕೂಲಿ ಕೆಲಸದವನು. ಹುಡುಗ ಮೊದಲು ದುಡಿದದ್ದು ದಿನಸಿ ಅಂಗಡಿಯಲ್ಲಿ. 1871ರಲ್ಲಿ ಅಮೆರಿಕಕ್ಕೆ ಹೊರಟ. ಅಲ್ಲಿ ಹೇಳಿಕೊಳ್ಳುವಂಥ ಕೆಲಸವೇನೂ ಸಿಗಲಿಲ್ಲ. ವಯೋಮಿಂಗ್‌ನಲ್ಲಿ ರೈಲ್ವೆಗೆ ಸೇರಿದ ಕಾರ್ಖಾನೆಯಲ್ಲಿ ದುಡಿದ, ಕೊಲರಾಡೊದಲ್ಲಿ ಗಣಿ ಕೆಲಸ ಮಾಡಿದ. ಪದವಿ ಇರಲಿಲ್ಲ, ಹಿಂದೆ ನಿಲ್ಲುವ ಶ್ರೀಮಂತರಿರಲಿಲ್ಲ. ಮೂವತ್ತರ ಹತ್ತಿರ ಬರುವವರೆಗೂ ಅವನ ಬದುಕಿನಲ್ಲಿ ಯಾರಾದರೂ ಬರೆದಿಡುವಂಥದ್ದು ಏನೂ ನಡೆದಿರಲಿಲ್ಲ.

ಸೈಕಲ್ಲಿನಲ್ಲಿ ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಬೇಕು ಎಂಬ ಯೋಚನೆ ಅವನಿಗೆ ಬಂದದ್ದು ಗಣಿಯಲ್ಲಿ ಕೆಲಸ ಮಾಡುವಾಗ. ತಮಾಷೆ ಏನೆಂದರೆ, ಆಗ ಅವನಿಗೆ ಸೈಕಲ್ ಬರುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಸೈಕಲ್ ಕೊಂಡು, ಅಲ್ಲಿನ ಉದ್ಯಾನದಲ್ಲಿ ಕಲಿತ.

ಆ ಸೈಕಲ್ಲು ನಮ್ಮ ಸೈಕಲ್ಲಿನಂತೆ ಅಲ್ಲ. ಚಿತ್ರದಲ್ಲಿ ನೋಡಿರುತ್ತೀರಿ, ಮುಂದೆ ಮನುಷ್ಯನ ಎದೆಯೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ. ಪೋಪ್ ಕಂಪನಿ ತಯಾರಿಸಿದ ಕೊಲಂಬಿಯಾ, ಮುಂದಿನ ಚಕ್ರದ ವ್ಯಾಸ 50 ಇಂಚು. ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನನಗೆ ಲೆಕ್ಕ ಹಾಕದೇ ಇರಲಾಗಲಿಲ್ಲ. ಅದಕ್ಕೆ ಚೈನ್ ಇಲ್ಲ. ಪೆಡಲ್ಲು ನೇರ ಮುಂದಿನ ಚಕ್ರದ ಅಚ್ಚಿಗೆ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. 50 ಇಂಚಿಗೆ ಪರಿಧಿ ಸುಮಾರು 4 ಮೀಟರ್. ಆದ್ದರಿಂದಲೇ ಚಕ್ರವನ್ನು ಅಷ್ಟು ದೊಡ್ಡದು ಮಾಡಬೇಕಿತ್ತು. ಚಕ್ರ ಚಿಕ್ಕದಾದರೆ ಎಷ್ಟು ತುಳಿದರೂ ದಾರಿ ಸಾಗದು. ನನ್ನ ಸೈಕಲ್ಲಿನ ಹಲ್ಲುಗಳನ್ನು ಎಣಿಸಿದೆ, ಮುಂದೆ 44, ಹಿಂದೆ 18. ಒಂದು ತುಳಿತಕ್ಕೆ ಹಿಂದಿನ ಚಕ್ರ ಎರಡೂವರೆ ಸುತ್ತಿನ ಹತ್ತಿರ ತಿರುಗಿ ಸುಮಾರು ಐದೂವರೆ ಮೀಟರ್ ಕೊಡುತ್ತದೆ. ಅಂದರೆ ನಾನು ಹಳೆಯದು ಎಂದು ಬೈಯುವ ಸೈಕಲ್ಲು ಆತನದಕ್ಕಿಂತ ಎಷ್ಟೋ ಮುಂದೆ.

ಅದರ ಕಷ್ಟ ಇನ್ನೂ ಇದೆ. ಫ್ರೀವೀಲ್ ಇಲ್ಲ, ಇಳುಕಲಿನಲ್ಲೂ ಪೆಡಲ್ಲು ತಿರುಗುತ್ತಲೇ ಇರುತ್ತದೆ. ಟೈರಿಗೆ ಗಾಳಿ ಇಲ್ಲ, ಗಟ್ಟಿ ರಬ್ಬರು. ಸೀಟು ನೆಲದಿಂದ ನಾಲ್ಕು ಅಡಿಗೂ ಮೇಲೆ, ಅದೂ ಮುಂದಿನ ಚಕ್ರದ ತಲೆಯ ಮೇಲೆಯೇ. ಒಂದು ಕಲ್ಲಿಗೆ ತಾಗಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ತಲೆಕೆಳಗಾಗಿ ಬೀಳುವುದು ಮಾಮೂಲು. ಮಣ್ಣು ರಸ್ತೆಯ ಕಾಲದಲ್ಲಿ ಅಂಥದ್ದರ ಮೇಲೆ ಕೂತು ಒಂದು ಖಂಡ ದಾಟುವುದು ಅಂದರೆ ಜನ ನಗದೇ ಇನ್ನೇನು ಮಾಡುತ್ತಾರೆ? ಅವನಿಗಿಂತ ಮೊದಲು ಪ್ರಯತ್ನಿಸಿದವರು ಅರ್ಧಕ್ಕೇ ಬಿಟ್ಟಿದ್ದರು.

1884ರ ಏಪ್ರಿಲ್ 22ರಂದು ಸ್ಟೀವನ್ಸ್ ಹೊರಟ. ಸಾಮಾನು ಕೇಳಿದರೆ ಆಶ್ಚರ್ಯವಾಗುತ್ತದೆ: ಕಾಲುಚೀಲ, ಒಂದು ಹೆಚ್ಚಿನ ಅಂಗಿ, ರಾತ್ರಿ ಹೊದಿಕೆಯೂ ಗುಡಾರವೂ ಆಗಬಲ್ಲ ಒಂದು ಮಳೆಕೋಟು, ಮತ್ತೆ ಒಂದು ಪಿಸ್ತೂಲು. ಅಷ್ಟೆ. ನಾವು ಎರಡು ದಿನ ಕಾಲೇಜ್ ಟ್ರಿಪ್ಪಿಗೆ ಹೋದರೆ ಒಯ್ಯುವ ಬ್ಯಾಗು ಇದಕ್ಕಿಂತ ದೊಡ್ಡದು.

ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಹಿಮ. ರೈಲು ಹಳಿಗಳ ಮೇಲೆ ಹಿಮ ಬೀಳದಂತೆ ಮರದ ಮಾಡು ಹಾಕಿದ್ದರು, ಅದರೊಳಗೆ ಸೈಕಲ್ ತಳ್ಳಿಕೊಂಡು ನಡೆದ. ಬೆಟ್ಟ ಇಳಿದರೆ ನೆವಾಡಾದ ಮರಳುಗಾಡು. ಅದರಲ್ಲಿ ನಲವತ್ತು ಮೈಲಿ ಮರಳುಗಾಡು ಎಂದೇ ಹೆಸರಾದ ಒಂದು ತುಂಡಿದೆ. ಚಿನ್ನದ ಆಸೆಗೆ ಎತ್ತಿನಗಾಡಿ ಕಟ್ಟಿಕೊಂಡು ಬಂದ ಹಿಂದಿನ ತಲೆಮಾರಿನವರು ನೀರಿಲ್ಲದೆ ಜಾನುವಾರು ಕಳೆದುಕೊಂಡ ಜಾಗ. ರಸ್ತೆ ಎಂಬುದು ಇಲ್ಲದಲ್ಲಿ ರೈಲು ಹಳಿಯೇ ಅವನಿಗೆ ದಾರಿ. ಮರದ ಸ್ಲೀಪರುಗಳ ಮೇಲೆ ಗಡಗಡ ಎನ್ನುತ್ತಾ ಸೈಕಲ್ ನೂಕುವುದು, ಕ್ಷಾರ ಒಣಗಿ ಗಟ್ಟಿಯಾದ ನೆಲ ಸಿಕ್ಕರೆ ಹತ್ತಿ ತುಳಿಯುವುದು, ಮರಳು ಬಂದರೆ ಮತ್ತೆ ಇಳಿಯುವುದು. ಒಮ್ಮೆ ರೈಲು ಸೇತುವೆಯ ನಡುವೆ ಇರುವಾಗ ಗಾಡಿ ಬಂದೇಬಿಟ್ಟಿತು. ಸೇತುವೆಯ ತೊಲೆಗೆ ಜೋತುಬಿದ್ದು, ಸೈಕಲ್ಲನ್ನೂ ಪಕ್ಕಕ್ಕೆ ನೇತುಹಾಕಿಕೊಂಡು ಜೀವ ಉಳಿಸಿಕೊಂಡ. ಒಂದು ಕಾಲದಲ್ಲಿ ತರೀಕೆರೆಯಿಂದ ನಮ್ಮ ನರಸಿಂಹರಾಜಪುರಕ್ಕೂ ಪುಟ್ಟ ರೈಲು ಬರುತ್ತಿತ್ತು. ಆ ಹಳಿಯೂ ಇಲ್ಲ ಈಗ, ಇದ್ದಿದ್ದರೂ ಅದರ ಮೇಲೆ ಸೈಕಲ್ ನೂಕುವ ಧೈರ್ಯ ನನಗಂತೂ ಇಲ್ಲ.

ಆಗಸ್ಟ್ 4ರಂದು ಬೋಸ್ಟನ್ ಸೇರಿದ. ಸುಮಾರು 3,700 ಮೈಲಿ, ಅಂದರೆ ಆರು ಸಾವಿರ ಕಿಲೋಮೀಟರಿನ ಹತ್ತಿರ. ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಆತ ನಡೆದೇ ಬಂದಿದ್ದ. ಇದನ್ನು ಓದಿದಾಗ ನಾನು ಒಂದು ಕ್ಷಣ ನಿಂತೆ. ಸೈಕಲ್ಲಿನಲ್ಲಿ ಅಮೆರಿಕ ದಾಟಿದ ಮೊದಲಿಗ ಎಂದು ದಾಖಲೆಯಲ್ಲಿದೆ. ಆದರೆ ದಾರಿಯ ದೊಡ್ಡ ಪಾಲನ್ನು ಸೈಕಲ್ ಅವನನ್ನು ಹೊತ್ತದ್ದಲ್ಲ, ಅವನೇ ಸೈಕಲ್ಲನ್ನು ಸಾಗಿಸಿದ್ದು. ಏರು ಬಂದಾಗ ಇಳಿದು ತಳ್ಳಿದರೆ ಅವಮಾನ ಅಂದುಕೊಂಡು ಹಲ್ಲು ಕಚ್ಚಿ ತುಳಿದು ತೊಡೆ ಹಿಡಿಸಿಕೊಂಡವನು ನಾನು!

ಚಳಿಗಾಲವನ್ನು ನ್ಯೂಯಾರ್ಕಿನಲ್ಲಿ ಕಳೆದ. 'ಔಟಿಂಗ್' ಎಂಬ ಪತ್ರಿಕೆ ಅವನನ್ನು ವಿಶೇಷ ಬಾತ್ಮೀದಾರನನ್ನಾಗಿ ಮಾಡಿಕೊಂಡಿತು. ದಿನಸಿ ಅಂಗಡಿಯ ಹುಡುಗನಿಗೆ ಮೂವತ್ತನೇ ವಯಸ್ಸಿನಲ್ಲಿ ಸಿಕ್ಕ ಸರಿಯಾದ ಕೆಲಸ ಅದು. 1885ರ ಮೇ ತಿಂಗಳಲ್ಲಿ ಲಿವರ್‌ಪೂಲಿನಿಂದ ಮತ್ತೆ ತುಳಿಯಲು ಶುರು ಮಾಡಿದ. ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಸರ್ಬಿಯಾ, ಬಲ್ಗೇರಿಯಾ ದಾಟಿ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್. ಅಲ್ಲಿಂದ ತುರ್ಕಿಯ ಒಳನಾಡು, ಆಮೇಲೆ ಪರ್ಷಿಯಾ. ಹೋದ ಊರಿನಲ್ಲೆಲ್ಲ ಒಂದೇ ಬೇಡಿಕೆ, ಇದರ ಮೇಲೆ ಹತ್ತಿ ತೋರಿಸು. ಉರಿಬಿಸಿಲಲ್ಲಿ ಸುಸ್ತಾಗಿ ಬಂದವನು ಮತ್ತೆ ಹತ್ತಿ ಒಂದು ಸುತ್ತು ಹಾಕಬೇಕು, ಆಮೇಲೆಯೇ ರೊಟ್ಟಿ. ತೆಹರಾನಿನಲ್ಲಿ ಪರ್ಷಿಯಾದ ದೊರೆ ನಾಸಿರುದ್ದೀನ್ ಷಾ ಕೂಡ ಅದನ್ನೇ ಕೇಳಿದ. 1885ರ ಚಳಿಗಾಲವನ್ನು ಅಲ್ಲೇ ಕಳೆದು 1886ರ ಮಾರ್ಚ್ 10ರಂದು ಪೂರ್ವಕ್ಕೆ ಹೊರಟ.

ಕಥೆ ತಿರುಗುವುದು ಇಲ್ಲಿ. ರಷ್ಯಾದ ನೆಲದ ಮೇಲೆ ಹಾದು ಸೈಬೀರಿಯಾ ದಾಟುವುದು ಅವನ ಆಸೆಯಾಗಿತ್ತು. ರಷ್ಯಾ ಒಪ್ಪಲಿಲ್ಲ. ಉಳಿದದ್ದು ಅಫ್ಘಾನಿಸ್ತಾನ. ಆದರೆ ಆಗ ಆ ಗಡಿಯಲ್ಲಿ ರಷ್ಯಾಕ್ಕೂ ಬ್ರಿಟಿಷರಿಗೂ ಯುದ್ಧವೇ ಆಗಿಬಿಡುವಂಥ ಬಿಸಿ ಇತ್ತು. 1885ರಲ್ಲಿ ಪಂಜದೇಹ್ ಎಂಬಲ್ಲಿ ರಷ್ಯನ್ ಪಡೆ ಅಫ್ಘನ್ನರ ಮೇಲೆ ಬಿದ್ದಿತ್ತು, ಗಡಿ ಗುರುತಿಸುವ ಆಯೋಗ ಅಲ್ಲೇ ಬೀಡುಬಿಟ್ಟಿತ್ತು. ಅಂಥ ಹೊತ್ತಿನಲ್ಲಿ ಅನುಮತಿ ಇಲ್ಲದ ಬಿಳಿಯನೊಬ್ಬ ವಿಚಿತ್ರ ಯಂತ್ರದ ಮೇಲೆ ಬಂದರೆ ಯಾರು ನಂಬುತ್ತಾರೆ? ಗೊತ್ತಿದ್ದೂ ಆತ ಹೊರಟ. ಬಿರ್ಜಂದ್ ಕಡೆಗೆ ತಿರುಗಿ, ಅಲ್ಲಿನ ಅಮೀರ ಜೊತೆಮಾಡಿ ಕಳಿಸಿದ ಕುದುರೆ ಸವಾರರೊಂದಿಗೆ ಅಫ್ಘನ್ ಗಡಿಯತ್ತ ಸಾಗಿದ.

ನಡುವೆ ಒಂದು ಮರಳುಗಾಡು. ಹೆಸರು ದಶ್ತ್-ಇ-ನಾ-ಉಮೀದ್. ಆಸೆಯೇ ಇಲ್ಲದ ಬಯಲು ಎಂದು ಅರ್ಥ. ಇದನ್ನು ಓದುವಾಗ ನನ್ನ ಕಣ್ಣು ಆ ಪದದ ಮೇಲೆಯೇ ನಿಂತಿತು. ಉಮೀದ್ ಅಂದರೆ ನಮ್ಮ ಉಮೇದೇ ಅಲ್ಲವೇ? ಪರ್ಷಿಯನ್ನಿನಲ್ಲಿ ಅದು ಆಸೆ, ಭರವಸೆ. ಕನ್ನಡಕ್ಕೆ ಬರುವಷ್ಟರಲ್ಲಿ ಹುರುಪು, ಉತ್ಸಾಹ ಎಂದಾಯಿತು. ಅದೇ ಪದಕ್ಕೆ ಬಾಲ ಹಚ್ಚಿದರೆ ಉಮೇದುವಾರ. ಕೆಲಸಕ್ಕೆ ಅರ್ಜಿ ಹಾಕಿ ಕಾಯುವವನು. ಅಂದರೆ ಆಸೆ ಹೊತ್ತವನು. ಇಷ್ಟು ವರ್ಷ ಅರ್ಜಿ ನಮೂನೆಯ ಪದ ಎಂದುಕೊಂಡಿದ್ದೆ.

ಮಳೆಯನ್ನು ಇಂಚಿನಲ್ಲಿ ಅಳೆದು, ಜೂನ್ ಬಂದರೆ ಬಟ್ಟೆ ಒಣಗುವುದಿಲ್ಲ ಎಂದು ಗೊಣಗುವ ನಮಗೆ ಅಂಥ ಜಾಗವನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಕಣ್ಣಿಗೆ ಕಾಣುವವರೆಗೆ ಊರಿಲ್ಲ, ಮರವಿಲ್ಲ. ನೀರು ಬೇಕೆಂದರೆ ಹೊತ್ತೊಯ್ಯಬೇಕು, ಇಲ್ಲವೇ ಸಿಕ್ಕಿದ ಕಡೆ ಉಪ್ಪುನೀರನ್ನೇ ಕುಡಿಯಬೇಕು. ಗಟ್ಟಿ ಗರಸು ನೆಲ ಸಿಕ್ಕಾಗ ಸೈಕಲ್ಲು ಕುದುರೆಗಳನ್ನೂ ಹಿಂದೆ ಹಾಕುತ್ತದೆ. ಸಡಿಲ ಮರಳು ಬಂದರೆ ಆ ಎತ್ತರದ ಚಕ್ರ ಹೂತುಕೊಳ್ಳುತ್ತದೆ. ಆಗ ಕುದುರೆಯವರು ಆರಾಮಾಗಿ ಕೂತಿರುತ್ತಾರೆ, ಇವನು ಇಳಿದು ಎಳೆಯುತ್ತಾನೆ. ನೆರಳು ಎಂದರೆ ತನ್ನದೊಂದೇ. ಆದರೂ ದಾಟಿದ. ಮುಂದೆ ನದಿ ದಾಟಿ ಫರಾಹ್ ಎಂಬ ಅಫ್ಘನ್ ಊರು ಸೇರಿದ.

ಅಲ್ಲಿ ಹಿಡಿದರು. ಹಿಂಸೆ ಮಾಡಲಿಲ್ಲ, ಅತಿಥಿಯಂತೆಯೇ ಇಟ್ಟುಕೊಂಡರು, ಆದರೆ ಮುಂದೆ ಬಿಡಲಿಲ್ಲ. ಪಹರೆಯಲ್ಲಿ ಉತ್ತರಕ್ಕೆ ಹೆರಾತ್‌ಗೆ ಒಯ್ದರು. ಅಲ್ಲಿ ಮೇಲಿನವರ ಮಾತಿಗೆ ಕಾಯಿಸಿದರು. ಕೊನೆಗೆ ಪರ್ಷಿಯಾದ ಗಡಿಗೆ ತಂದು ಬಿಟ್ಟರು. ಹಿಂದೂಸ್ತಾನ ಎದುರಿಗೇ ಇತ್ತು. ಆಸೆಯಿಲ್ಲದ ಮರಳುಗಾಡನ್ನೂ ದಾಟಿ ಆಗಿತ್ತು. ಆ ಶ್ರಮಕ್ಕೆ ಬಂದ ಫಲ, ಹೊರಟ ದೇಶಕ್ಕೇ ವಾಪಸ್.

ಗೂಡ್ಸ್ ಆಟೋದಲ್ಲಿ ಮಲಗಿದ್ದ ನನ್ನ ಸೈಕಲ್ ನೆನಪಾಯಿತು. ಫಲಿತಾಂಶದ ದಿನವೂ ನೆನಪಾಯಿತು. ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ ಎಂದು ನಮಗೆ ಒಂದನೇ ತರಗತಿಯಿಂದ ಹೇಳುತ್ತಾರೆ. ಅದು ಯಾವಾಗಲೂ ನಿಜವಲ್ಲ. ಕೆಲವೊಮ್ಮೆ ಅತಿ ಕಷ್ಟದ ಭಾಗವನ್ನು ದಾಟಿದ ಮೇಲೆಯೇ ಬಾಗಿಲು ಮುಚ್ಚುತ್ತದೆ. ಅದಕ್ಕೆ ನಿಮ್ಮ ಸೋಮಾರಿತನ ಕಾರಣವಾಗಿರಬೇಕಿಲ್ಲ. ನಿಮಗೆ ಸಂಬಂಧವೇ ಇಲ್ಲದ ಎರಡು ಸಾಮ್ರಾಜ್ಯಗಳ ಜಗಳವೂ ಇರಬಹುದು. ಆಗ ಏನು ಮಾಡುವುದು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಸ್ಟೀವನ್ಸ್ ಮಾಡಿದ್ದು ಇಷ್ಟು. ಮತ್ತೆ ಅದೇ ಬಾಗಿಲಿಗೆ ತಲೆ ಚಚ್ಚಿಕೊಳ್ಳಲಿಲ್ಲ, ಮನೆಗೂ ಹೋಗಲಿಲ್ಲ. ಪರ್ಷಿಯಾದಿಂದ ಕಾಸ್ಪಿಯನ್ ಸಮುದ್ರ ದಾಟಿ ಬಾಕು, ಅಲ್ಲಿಂದ ರೈಲಿನಲ್ಲಿ ಬಾತುಮಿ, ಹಡಗಿನಲ್ಲಿ ಮತ್ತೆ ಕಾನ್‌ಸ್ಟಾಂಟಿನೋಪಲ್! ಒಂದು ವರ್ಷದ ಹಿಂದೆ ಸೈಕಲ್ಲಿನಲ್ಲಿ ಬಿಟ್ಟು ಹೊರಟ ಊರಿಗೆ ಮತ್ತೆ ಬಂದ. ಅಲ್ಲಿಂದ ಸೂಯೆಜ್ ಮೇಲೆ ಕರಾಚಿಗೆ ಹಡಗು, ಕರಾಚಿಯಿಂದ ಲಾಹೋರಿಗೆ ರೈಲು. ಅಫ್ಘಾನಿಸ್ತಾನ ದಾಟಿದ್ದರೆ ಹೇಗೂ ಆ ಕಡೆಗೇ ಬರುತ್ತಿದ್ದ. ಅಲ್ಲಿ ಸೈಕಲ್ ಇಳಿಸಿ ಹತ್ತಿದ. ನಡುವೆ ಬಿಟ್ಟುಹೋದ ತುಂಡನ್ನು ಮುಚ್ಚಿಡಲಿಲ್ಲ. ಎಲ್ಲಿ ಹಿಡಿದರು, ಹೇಗೆ ವಾಪಸ್ ಕಳಿಸಿದರು ಎಂಬುದಕ್ಕೆ ಪುಸ್ತಕದಲ್ಲಿ ಅಧ್ಯಾಯಗಟ್ಟಲೆ ಜಾಗ ಕೊಟ್ಟ.

ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆ. ಮಳೆಗಾಲದ ಸೆಕೆ ಹಣ್ಣು ಮಾಡಿದರೂ, ಮರಗಳ ಸಾಲಿನ ನಡುವಿನ ಆ ರಸ್ತೆ ಅವನಿಗೆ ಸಿಕ್ಕ ಒಳ್ಳೆಯ ರಸ್ತೆಗಳಲ್ಲಿ ಒಂದು. ದೆಹಲಿ, ಆಗ್ರಾ, ಕಾನ್ಪುರ, ಕಾಶಿ ದಾಟಿ ಕಲ್ಕತ್ತೆ. ಅಲ್ಲಿಂದ ಹಡಗಿನಲ್ಲಿ ಹಾಂಗ್‌ಕಾಂಗ್. ಚೀನಾದಲ್ಲಿ ಮತ್ತೆ ಆಪತ್ತು. ಫ್ರಾನ್ಸಿನೊಂದಿಗೆ ಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ, ಪರದೇಶಿ ಮುಖ ಕಂಡರೆ ಜನರಿಗೆ ರೋಷ. ಒಂದು ಕಡೆ ಗುಂಪು ಮೇಲೆರಗಿ ಬಂದಾಗ ಅಲ್ಲಿನ ಅಧಿಕಾರಿಗಳೇ ಅವನನ್ನು ಉಳಿಸಿದರು. ಕೊನೆಗೆ ಜಪಾನ್. ನಾಗಸಾಕಿಯಿಂದ ತುಳಿದು 1886ರ ಡಿಸೆಂಬರ್ 17ರಂದು ಯೊಕೊಹಾಮಾ ಮುಟ್ಟಿದ. ಒಟ್ಟು ಸುಮಾರು 13,500 ಮೈಲಿ, 21,700 ಕಿಲೋಮೀಟರ್. ನಾಲ್ಕು ಮೀಟರಿನ ಚಕ್ರಕ್ಕೆ ಲೆಕ್ಕ ಹಾಕಿದೆ, ಐವತ್ನಾಲ್ಕು ಲಕ್ಷಕ್ಕೂ ಹೆಚ್ಚು ಸುತ್ತು.

ಮೆಚ್ಚುಗೆಯ ಜೊತೆ ಒಂದು ಮಾತು ಹೇಳಲೇಬೇಕು. ಅವನ ಪುಸ್ತಕ ಓದುವಾಗ ಕೆಲವು ಕಡೆ ಸಿಟ್ಟು ಬರುತ್ತದೆ. ತುರ್ಕರ ಬಗ್ಗೆ, ಚೀನೀಯರ ಬಗ್ಗೆ, ನಮ್ಮವರ ಬಗ್ಗೆ ಅವನು ಬರೆಯುವ ರೀತಿಯಲ್ಲಿ ಬಿಳಿಯರ ಕಾಲದ ಠೇಂಕಾರ ಇದೆ. ಅದೇ ಜನ ದಾರಿಯುದ್ದಕ್ಕೂ ಅವನಿಗೆ ರೊಟ್ಟಿ ಕೊಟ್ಟರು, ನೀರು ಕೊಟ್ಟರು, ಮಲಗಲು ಚಾಪೆ ಕೊಟ್ಟರು. ಮರಳುಗಾಡಿನಲ್ಲಿ ದಾರಿ ತೋರಿಸಿದ ಕುದುರೆ ಸವಾರರ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ. ಒಬ್ಬನೇ ಸುತ್ತಿದ ಎನ್ನುವಾಗ ಅವರನ್ನೂ ಸೇರಿಸಿಕೊಳ್ಳಬೇಕು. ನಾನು ಬಂದ ಆಟೋದ ಅಣ್ಣ ಕೂಡ ದುಡ್ಡು ತೆಗೆದುಕೊಳ್ಳಲಿಲ್ಲ.

ಹೀಗೆ ಸುತ್ತಲು ಬಿಳಿಯರೇ ಆಗಬೇಕಿಲ್ಲ ಎಂದು ತೋರಿಸಿದವರು ನಮ್ಮಲ್ಲೇ ಇದ್ದರು. 1923ರ ಅಕ್ಟೋಬರಿನಲ್ಲಿ ಬೊಂಬಾಯಿಯಿಂದ ಪಾರ್ಸಿ ಯುವಕರ ತಂಡವೊಂದು ಸೈಕಲ್ಲಿನಲ್ಲಿ ಹೊರಟಿತು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು ಪರ್ಷಿಯಾ, ಇರಾಕ್, ಸಿನಾಯ್ ಮರಳುಗಾಡುಗಳನ್ನು ದಾಟಿ, ಪ್ರಪಂಚ ಸುತ್ತಿ 1928ರಲ್ಲಿ ವಾಪಸ್ ಬಂದರು. ಅವರ ಹೊತ್ತಿಗೆ ಸೈಕಲ್ಲು ನಮ್ಮ ಸೈಕಲ್ಲಿನಂತೆಯೇ ಆಗಿತ್ತು.

ಅದೂ ಒಂದು ವಿಚಿತ್ರ. ಸ್ಟೀವನ್ಸ್ ಲಿವರ್‌ಪೂಲಿನಿಂದ ಹೊರಟ 1885ರಲ್ಲೇ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಇಂಗ್ಲೆಂಡಿನಲ್ಲಿ ರೋವರ್ ಸೈಕಲ್ಲನ್ನು ತಂದ. ಎರಡೂ ಚಕ್ರ ಹೆಚ್ಚುಕಡಿಮೆ ಸಮ, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ಮಾಡಿದ. ಅಂದರೆ ಸ್ಟೀವನ್ಸ್ ಮರಳಿನಲ್ಲಿ ಎಳೆಯುತ್ತಿದ್ದ ಯಂತ್ರ, ಅವನು ಎಳೆಯುತ್ತಿರುವಾಗಲೇ ಹಳೆಯದಾಗುತ್ತಿತ್ತು. ನಾಲ್ಕು ವರ್ಷ ಕಲಿತು ಹೊರಬರುವಷ್ಟರಲ್ಲಿ ಕಲಿತದ್ದು ಹಳೆಯದಾಗಿರುತ್ತದೆ ಎಂದು ಹಾಸ್ಟೆಲಿನಲ್ಲಿ ನಾವು ಹೆದರುತ್ತೇವಲ್ಲ, ಅದು ಹೊಸ ಹೆದರಿಕೆ ಏನಲ್ಲ. ಎತ್ತರದ ಸೈಕಲ್ಲು ಮೂಲೆ ಸೇರಿತು. ಊರು ತಿಳಿಯದ ಕಡೆ ದಾರಿ ಕೇಳುವುದು, ಭಾಷೆ ಬಾರದವರ ಮನೆಯಲ್ಲಿ ಊಟ ಮಾಡುವುದು, ಕಂಡದ್ದನ್ನು ಬರೆದಿಡುವುದು ಅವನ ಜೊತೆ ಉಳಿಯಿತು. ಮುಂದೆ ಅದರಿಂದಲೇ ಬದುಕಿದ. 1889ರಲ್ಲಿ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆ ಸ್ಟ್ಯಾನ್ಲಿ ಎಂಬ ಅನ್ವೇಷಕನನ್ನು ಹುಡುಕಲು ಅವನನ್ನು ಪೂರ್ವ ಆಫ್ರಿಕಕ್ಕೆ ಕಳಿಸಿತು. ಯಾವ ರಷ್ಯಾ ಅವನನ್ನು ಒಳಗೆ ಬಿಟ್ಟಿರಲಿಲ್ಲವೋ ಅದೇ ರಷ್ಯಾದಲ್ಲಿ ಮುಂದೆ ಕುದುರೆ ಏರಿ ಸುತ್ತಿ ಪುಸ್ತಕ ಬರೆದ. ಕಡೆಗೆ ಇಂಗ್ಲೆಂಡಿಗೆ ಮರಳಿ ಮದುವೆಯಾಗಿ, ಲಂಡನ್ನಿನ ಗ್ಯಾರಿಕ್ ನಾಟಕ ಮಂದಿರದ ವ್ಯವಸ್ಥಾಪಕನಾಗಿ ಇದ್ದ. 1935ರ ಜನವರಿ 24ರಂದು, ಎಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡ. ಸೈಕಲ್ಲನ್ನು ಪೋಪ್ ಕಂಪನಿ ಜೋಪಾನವಾಗಿ ಇಟ್ಟಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹಕ್ಕೆಂದು ಗುಜರಿಗೆ ಹೋಯಿತು.

ಪ್ರಪಂಚ ಸುತ್ತಿದ ಆ ಸೈಕಲ್ಲು ಈಗ ಇಲ್ಲ. ಅಫ್ಘಾನಿಸ್ತಾನದ ತುಂಡು ಕೊನೆಗೂ ತುಂಬಲಿಲ್ಲ. ಆದರೂ ಇಂದಿಗೂ ಪ್ರಪಂಚ ಸುತ್ತಿದ ಮೊದಲ ಸೈಕಲ್ ಸವಾರ ಯಾರು ಎಂದರೆ ಅವನ ಹೆಸರೇ. ಆ ಖಾಲಿ ತುಂಡಿನ ಸಮೇತ.

ಪುಸ್ತಕ ಮುಗಿಸಿದ ಮೇಲೆ ನನಗೆ ದಿಢೀರ್ ಧೈರ್ಯ ಬಂತು ಎಂದೇನೂ ಹೇಳುವುದಿಲ್ಲ. ಮಾರನೇ ವಾರ ಮತ್ತೆ ಸೈಕಲ್ ಹತ್ತಿದೆ. ಈ ಸಲ ಶೃಂಗೇರಿ ಸೇರಿಸಲಿಲ್ಲ, ನೇರ ನರಸಿಂಹರಾಜಪುರ. ಹಿಂದಿನ ಸಲ ಕೂತಿದ್ದ ಜಾಗಕ್ಕೆ ಬಂದಾಗ ಇಳಿದೆ. ತೊಡೆ ಸರಿಯಾಗಿಯೇ ಇತ್ತು, ಆದರೂ ಆ ಏರನ್ನು ತಳ್ಳಿಕೊಂಡೇ ಹತ್ತಿದೆ. ಎದುರಿಗೆ ಬಂದ ಬಸ್ಸಿನ ಕಿಟಕಿಯಿಂದ ಯಾರೋ ನೋಡಿದರು. ನೋಡಲಿ ಎಂದುಕೊಂಡೆ. ಭದ್ರಾ ಹಿನ್ನೀರಿನ ದಡದಲ್ಲಿ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬಂದೆ. ಅಪ್ಪಯ್ಯ ತೋಟದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಈ ಸಲ ಕೇಳಿದರು, ಎಲ್ಲಿಯವರೆಗೆ ಹೋಗಿದ್ದೆ ಎಂದು. ಹೇಳಿದೆ. ಆ ಏರಿನಲ್ಲಿ ತಳ್ಳಿದ್ದನ್ನೂ ಹೇಳಿದೆ. ತಾವು ಸಣ್ಣವರಿದ್ದಾಗ ಆ ಏರಿನಲ್ಲಿ ಎಲ್ಲರೂ ತಳ್ಳುತ್ತಿದ್ದರು ಎಂದು ನಕ್ಕರು.

ಆಮೇಲೆ ಊಟಕ್ಕೆ ಕೂತಾಗ, ಆ ವಿಷಯದ ಪರೀಕ್ಷೆಗೆ ಮತ್ತೆ ಫೀಸು ಕಟ್ಟಬೇಕು ಎಂಬುದನ್ನು ಅವರಿಗೆ ಹೇಳಿದೆ. ಎರಡು ವಾರದಿಂದ ಬಾಯಿಗೆ ಬಾರದ ಮಾತು ಅದು. ಕೊನೆಯ ದಿನ ಯಾವಾಗ ಎಂದಷ್ಟೇ ಕೇಳಿದರು.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆ ದಿನ ಒಂದು ನಕ್ಷೆ ಬರೆದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಮೂರು ಚುಕ್ಕಿ, ನಡುವೆ ಗೆರೆ. ಮೊದಲ ದಿನ ಆಟೋ ಹತ್ತಿದ ಜಾಗದಲ್ಲಿ ಒಂದು ಅಡ್ಡಗೆರೆ ಹಾಕಿ, ಕೆಳಗೆ ತಾರೀಕು ಬರೆದಿದ್ದೇನೆ. ಅದನ್ನು ಅಳಿಸಿಲ್ಲ. ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಇನ್ನೂ ಬಂದಿಲ್ಲ. ಸದ್ಯಕ್ಕೆ ನಾನೂ ಒಬ್ಬ ಉಮೇದುವಾರ.